ಕೆಳಗಿನ ಮನೆಯ ಮೂರು ಏಟು

ಒಂಬತ್ತೂಕಾಲಿಗೆ ಇವರಿಗೆ ಜೀವ ಬರುತ್ತದೆ.
ಹೋಂವರ್ಕಿನ ಮುಂದೆ ಬಾಡಿದ ಸೊಪ್ಪು,
ದೀಪ ಆರಿಸುವ ಹೊತ್ತಿಗೆ
ಎಣ್ಣೆಗೆ ಬಿದ್ದ ಸಾಸಿವೆ.
ಗಗನ ಮಂಚದಿಂದ ಚಾಪೆಗೆ ಹಾರುತ್ತಾನೆ,
ಜಾಹ್ನವಿ ಚಾಪೆಯಿಂದ ದಿಂಬಿಗೆ,
ನಡುವಿನ ಯಶ್ವಿತನಿಗೆ ಇದ್ದಕ್ಕಿದ್ದಂತೆ ಬಾಯಾರಿಕೆ,
ನೀರು ಕುಡಿದ ಮೇಲೆ ಒಂದಕ್ಕೆ,
ಹೋಗಿ ಬಂದ ಮೇಲೆ ಗೋಡೆ ನೋಡಿ ಒಂದು ಸಂಶಯ:
ಅಮ್ಮಾ, ಹಲ್ಲಿಗೆ ಹಲ್ಲು ಇರತ್ತಾ?

ಆಗ ಬರುತ್ತದೆ, ಪೊರಕೆಯ ಹಿಡಿಯಿಂದ,
ಅವರ ಸೂರಿಗೆ, ಅಂದರೆ ನಮ್ಮ ನೆಲಕ್ಕೆ,
ಟಕ್. ಟಕ್. ಟಕ್.

ಕೆಂಪಹನುಮಯ್ಯ ಬಾಯಿಬಿಟ್ಟು ಬೈದದ್ದಿಲ್ಲ.
ಸುಮನಹಳ್ಳಿ ಡಿಪೋದ ಮೊದಲ ಬಸ್ಸು ಅವರದು.
ಮೂರೂವರೆಗೆ ಏಳಬೇಕು,
ಮೊಸರನ್ನ ಉಂಡು ಎಂಟೂವರೆಗೇ ಮಲಗುವ ಮನುಷ್ಯ.

ನಾನು ಮಾಡದ ಉಪಾಯವಿಲ್ಲ.
ಗುಮ್ಮನನ್ನು ಕರೆದೆ,
ಅವನಿಗೂ ಚಾಪೆಯಲ್ಲಿ ಜಾಗ ಬಿಟ್ಟರು.
ಕಣ್ಣು ಮುಚ್ಚಿದವರಿಗೆ ಕಡ್ಲೆಮಿಠಾಯಿ ಅಂದೆ,
ಮುಚ್ಚಿದರು, ಬಾಯಿ ತೆರೆದರು.
ಪೀಣ್ಯದಿಂದ ಅವರಪ್ಪ ಫೋನಿನಲ್ಲಿ ಗದರಿದರೆ
ಅಪ್ಪಾ, ಅಲ್ಲಿ ಮಿಷಿನ್ ಎಷ್ಟೊತ್ತಿಗೆ ಮಲಗತ್ತೆ?

ಕೊನೆಗೊಂದು ದಿನ ಅಂದೆ,
ಕೆಳಗಿನ ತಾತನಿಗೆ ನಿದ್ದೆ ಕೆಟ್ಟರೆ
ನಾಳೆ ಬಸ್ಸೇ ತೂಕಡಿಸತ್ತೆ, ಗೊತ್ತಾ.
ಹೆದರಲೆಂದು ಹೇಳಿದ್ದು.
ತೂಕಡಿಸಿದರೆ ಯಾವ ಕಡೆ ವಾಲತ್ತೆ?
ಹಾರನ್ನೇ ಅದರ ಗೊರಕೆಯಾ?
ಕಂಡಕ್ಟರ್ ಬೆನ್ನು ತಟ್ಟಿ
ರೈಟ್ ರೈಟ್ ಅಂದರೆ ಎದ್ದುಬಿಡತ್ತಾ?
ಆ ರಾತ್ರಿ ಹತ್ತೂವರೆ ದಾಟಿತು.
ಏಟು ಒಂಬತ್ತಾಯಿತು.

ಮೊನ್ನೆ ಗುರುವಾರ ಏಟು ಬೀಳಲಿಲ್ಲ.

ಗಗನ ಹಾರಿದ, ನಿಂತ, ಕಾದ.
ಇನ್ನೊಮ್ಮೆ ಹಾರಿದ, ಎರಡೂ ಕಾಲು ಜೋಡಿಸಿ.
ಏನೂ ಇಲ್ಲ.
ದಿಂಬು ಹಿಡಿದ ಜಾಹ್ನವಿಯ ಕೈ ಕೆಳಗಿಳಿಯಿತು.
ಹೇಳಿಕೊಟ್ಟವರಿಲ್ಲ, ಮೂವರೂ ಬಗ್ಗಿ
ಕೆಂಪು ನೆಲಕ್ಕೆ ಕೆನ್ನೆ ಒತ್ತಿದರು.

ಯಾರದೋ ಸೀರೆಗೆ ಫಾಲ್ಸ್ ಹಾಕುತ್ತಿದ್ದೆ,
(ರಾತ್ರಿ ನಾನು ಕೈಹೊಲಿಗೆಯೇ, ಮಿಷಿನ್ನಿನ ಸದ್ದೂ ಕೆಳಗಿಳಿಯುತ್ತದಲ್ಲ)
ಸೂಜಿ ಅರ್ಧ ದಾರಿಯಲ್ಲಿ ನಿಂತಿತು.
ಮಾಗಡಿ ರೋಡಿನ ಲಾರಿ,
ಎದುರು ಮನೆಯ ಟ್ಯಾಂಕು ತುಂಬಿ ಸುರಿಯುವುದು,
ಇಷ್ಟು ದಿನ ಇವೆಲ್ಲ ಎಲ್ಲಿದ್ದವು?

ಫ್ಯಾನ್ ಓಡ್ತಿದೆ, ಪಿಸುಗುಟ್ಟಿದಳು ಜಾಹ್ನವಿ.
ಕೆಮ್ಮು, ಅಂದ ಯಶ್ವಿತ್.
ಒಂದಲ್ಲ, ಮೂರು.
ಜ್ವರ ಬಂದಿರಬೇಕು ಕಣ್ರೋ ತಾತನಿಗೆ, ನಾನಂದೆ.
ನಾಳೆ ಬಸ್ಸಿಗೂ ರಜಾನಾ?
ಬೇರೆ ಡ್ರೈವರ್ ಬರ್ತಾರೆ.
ಬಸ್ಸಿಗೆ ಗೊತ್ತಾಗತ್ತಾ?
ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಗ ಗಗನ, ನಾಲ್ಕು ತುಂಬದವನು,
ಬೆರಳು ಮಡಚಿ
ತೆಂಗಿನಕಾಯಿ ಬಲಿತಿದೆಯೇ ಎಂದು ನೋಡುವವರಂತೆ
ನೆಲವನ್ನು ಮೂರು ಸಲ ತಟ್ಟಿದ.
ಮತ್ತೆ ಕಿವಿಯಿಟ್ಟ.

ಬಹಳ ಹೊತ್ತಾದ ಮೇಲೆ ಕೆಳಗಿಂದ
ಟಕ್. ಒಂದೇ.
ಪೊರಕೆಯದಲ್ಲ, ಗೋಡೆಗೆ ತಗುಲಿದ ಬೆರಳಿನದಿರಬೇಕು.

ಕಿವಿ ನೆಲಕ್ಕಂಟಿಸಿಕೊಂಡೇ ನಿದ್ದೆಹೋದರು.
ಒಬ್ಬೊಬ್ಬರನ್ನೇ ಚಾಪೆಗೆ ಎಳೆಯುವಾಗ
ಯಶ್ವಿತನ ಹಿಮ್ಮಡಿ ನೆಲಕ್ಕೆ ಬಡಿಯಿತು.
ಉಸಿರು ಹಿಡಿದವಳು ನಾನು.

ಶನಿವಾರ ಬೆಳಗಿನ ಜಾವ ಎಚ್ಚರವಾಗಿ ಕಿಟಕಿಗೆ ಬಂದೆ.
ಖಾಕಿ ತೊಟ್ಟು ಕೆಂಪಹನುಮಯ್ಯ
ಗೇಟಿನ ಚಿಲಕಕ್ಕೆ ಟವೆಲ್ಲು ಸುತ್ತಿ
ಮಗುವನ್ನೆತ್ತುವ ಹಾಗೆ ಎತ್ತುತ್ತಿದ್ದರು.
ಶೂ ಕೈಯಲ್ಲಿತ್ತು.
ಬೀದಿಗೆ ಹೋಗಿ, ಲೈಟುಕಂಬ ಹಿಡಿದು
ಒಂದು ಕಾಲಿಗೆ, ಇನ್ನೊಂದು ಕಾಲಿಗೆ ಹಾಕಿಕೊಂಡರು.
ಎಷ್ಟು ವರ್ಷದಿಂದ ಹೀಗೋ,
ನಾವು ಬಂದು ನಾಲ್ಕಾಯಿತು.

ಅಂದು ರಾತ್ರಿ ಒಂಬತ್ತೂಕಾಲಿಗೆ ದೀಪ ಆರಿಸಿದೆ.
ಹಲ್ಲಿಯ ಹಲ್ಲು ಹೇಗಿರತ್ತೆ ಎಂಬಲ್ಲಿಗೆ ಬಂದಿತ್ತು ಮಾತು.
ಟಕ್. ಟಕ್. ಟಕ್.

ಮೂವರೂ ಎದ್ದು ಕುಣಿದು
ಇಡೀ ಕಾಮಾಕ್ಷಿಪಾಳ್ಯಕ್ಕೆ ಕೇಳುವಂತೆ
ಹೋ ಎಂದು ಕಿರುಚಿಕೊಂಡರು.